ತೂತ್ತುಕುಡಿಯಲ್ಲಿ ಮೂರು ದಿನ: ಈ ಸಲ ಊರಲ್ಲ, ರೂಮ್ ನೋಡ್ಕೊಂಡು ಹೋದ್ವಿ

ಅಮ್ಮಂಗೆ ತಮಿಳುನಾಡಿನ ತಿರುಚೆಂದೂರು ಸುಬ್ರಹ್ಮಣ್ಯನ ಹರಕೆ ಒಂದು ಬಾಕಿ ಇತ್ತು, ಮಂಡಿ ನೋವು ಅಂತ ಮುಂದೆ ಹಾಕ್ತಾನೇ ಬಂದಿದ್ವಿ. ಹೋದ ವರ್ಷ ಬೇರೆ ಒಂದು ಬೀಚ್ ಊರಲ್ಲಿ, ಕಿಟಕಿ ತೆಗೆದ್ರೆ ಸಮುದ್ರ ಅನ್ನೋ ಫೋಟೋ ನಂಬಿ ಬುಕ್ ಮಾಡಿ, ಲಿಫ್ಟ್ ಇಲ್ದೆ ಅಮ್ಮನ್ನ ಎರಡು ಮಹಡಿ ಹತ್ತಿಸಿ, ರಾತ್ರಿ ಕರೆಂಟ್ ಹೋಗಿ ಬೆಳಗಾಗೋ ತನಕ ಪೇಪರಲ್ಲಿ ಗಾಳಿ ಬೀಸ್ತಾ ಕೂತಿದ್ದು ಇನ್ನೂ ಮರ್ತಿಲ್ಲ. ಹಂಗಾಗಿ ಈ ಸಲ ದೇವಸ್ಥಾನದಿಂದ ಸುಮಾರು 40 ಕಿ.ಮೀ. ದೂರ ಆದ್ರೂ ಪರ್ವಾಗಿಲ್ಲ ಅಂತ ಬಂದರು ಊರು ತೂತ್ತುಕುಡಿಯಲ್ಲಿ ಒಂದು ಒಳ್ಳೇ ಹೋಟೆಲ್ ಹಿಡಿದೆ.

ದುಡ್ಡು ಕಟ್ಟೋ ಮುಂಚೆ ನೇರವಾಗಿ ರಿಸೆಪ್ಷನ್‌ಗೆ ಫೋನ್ ಮಾಡಿ ನನ್ನ ಬೆಂಗಳೂರು ತಮಿಳಲ್ಲೇ ಕೇಳಿದೆ: ಲಿಫ್ಟ್ ಜನರೇಟರಲ್ಲೂ ಓಡುತ್ತಾ, ಬಾತ್‌ರೂಮಿಗೆ ಮೆಟ್ಟಿಲಿದ್ಯಾ, ಹಾರ್ಬರ್ ಲಾರಿ ಓಡಾಡೋ ರೋಡ್ ಕಡೆ ಬಿಟ್ಟು ಹಿಂದಗಡೆ ರೂಮ್ ಕೊಡ್ತೀರಾ? "ಕೊಡ್ತೀವಿ ಮೇಡಂ, ಆದ್ರೆ ಅಲ್ಲಿಂದ ಸಮುದ್ರ ಕಾಣಲ್ಲ" ಅಂದ್ರು ಪಾಪ, ಆ ಒಂದು ಮಾತಿಗೇ ನಂಗೆ ನಂಬಿಕೆ ಬಂತು.

ರಾತ್ರಿ ಬೆಂಗಳೂರಲ್ಲಿ ಮೈಸೂರು–ತೂತ್ತುಕುಡಿ ಎಕ್ಸ್‌ಪ್ರೆಸ್ ಹತ್ತಿದ್ರೆ ರೈಲು ಬದಲಾಯಿಸೋ ತಾಪತ್ರಯ ಇಲ್ಲ. ಊರು ನೋಡೋಕೆ ಚೆನ್ನಾಗಿದೆ ಅಂದ್ರೆ ಸುಳ್ಳಾಗುತ್ತೆ, ಬಂದರು, ಥರ್ಮಲ್ ಪ್ಲಾಂಟ್ ಚಿಮಣಿ, ಧೂಳು, ಬಿಸ್ಲು. ಮಲ್ಪೆ, ಗೋಕರ್ಣದ ಅಲೆ ನೋಡಿದವ್ರಿಗೆ ಇಲ್ಲಿನ ಸಮುದ್ರ ಕೆರೆ ಥರ ಅನ್ಸುತ್ತೆ, ಆಚೆ ಶ್ರೀಲಂಕಾ, ಈಚೆ ಮನ್ನಾರ್ ಕೊಲ್ಲಿಯ ಪುಟ್ಟ ಪುಟ್ಟ ದ್ವೀಪಗಳು, ಅಲೆ ದೊಡ್ಡದಾಗಿ ಬರೋಲ್ಲ. ಆದ್ರೆ ಉಪ್ಪಿನ ಗದ್ದೆ ಮಾತ್ರ ನೋಡ್ಲೇಬೇಕು, ಕಣ್ಣು ಕುಕ್ಕೋ ಅಷ್ಟು ಬೆಳ್ಳಗಿನ ರಾಶಿಗಳು, ಮಟಮಟ ಮಧ್ಯಾಹ್ನದಲ್ಲಿ ಬರಿಗಾಲಲ್ಲಿ ಉಪ್ಪು ಎಳೀತಿದ್ದ ಹೆಂಗಸ್ರನ್ನ ನೋಡಿ ಅಮ್ಮ ಕಾರಲ್ಲೇ ಸುಮ್ನಾಗ್ಬಿಟ್ರು.

ರೂಮ್ ಕಥೆ ಹೇಳ್ಬೇಕು. ಕಮೋಡ್ ಪಕ್ಕ ಗಟ್ಟಿ ಸ್ಟೀಲ್ ಕಂಬಿ, ನೆಲ ಜಾರ್ತಿರ್ಲಿಲ್ಲ, ಇಸ್ತ್ರಿ ಮಾಡಿದ ಬಿಳೀ ಕಾಟನ್ ಬೆಡ್‌ಶೀಟ್. ಬಾಗ್ಲು ಹಾಕಿದ್ರೆ ಒಂದು ಹಾರ್ನ್ ಕೇಳ್ಸಲ್ಲ. ಮನೇಲಿ ಐದು ಗಂಟೆಗೇ ಎದ್ದು ಪಾತ್ರೆ ಸದ್ದು ಮಾಡೋ ಅಮ್ಮ ಅಲ್ಲಿ ಎಂಟರ ತನಕ ಮಲಗಿದ್ರು, ಎಬ್ಬಿಸೋಕೆ ಮನಸ್ಸೇ ಬರ್ಲಿಲ್ಲ ನಂಗೆ.

ದರ್ಶನಕ್ಕೆ ಬುಧವಾರ ಇಟ್ಕೊಂಡ್ವಿ. ಮಂಗಳವಾರ, ಶುಕ್ರವಾರ, ಷಷ್ಠಿ ದಿನ ವಯಸ್ಸಾದವ್ರನ್ನ ಕರ್ಕೊಂಡು ಹೋಗ್ಬೇಡಿ, ಜನ ಜಾಸ್ತಿ. ಹೋಟೆಲಿನವ್ರೇ ಕಾರ್ ಮಾಡ್ಕೊಟ್ರು. ತೂತ್ತುಕುಡಿಯ ಮ್ಯಾಕರೂನ್ ಅನ್ನೋ ಸಿಹಿ ತಗೊಳ್ಳಿ, ಗೋಡಂಬಿ ಸಕ್ಕರೆ ಜೊತೆ ಮೊಟ್ಟೆ ಬಿಳಿ ಇರುತ್ತೆ, ಅಮ್ಮ ಮುಟ್ಟಲಿಲ್ಲ, ನಿಮ್ಮನೇಲೂ ಹಂಗಿದ್ರೆ ಮೊದ್ಲೇ ಹೇಳಿ. ಗಾಳಿ ಆಡಿದ್ರೆ ಮೆತ್ತಗಾಗುತ್ತೆ, ಡಬ್ಬಿಗೆ ಹಾಕಿ ತನ್ನಿ.

ವಾಪಸ್ ಟ್ರೈನ್ ಸಂಜೆಗೆ. ರೂಮ್ ಅರ್ಧ ದಿನ ಜಾಸ್ತಿ ಬೇಕು ಅಂತ ಬುಕ್ ಮಾಡುವಾಗ್ಲೇ ಕೇಳಿಟ್ಟಿದ್ದೆ, ಅರ್ಧ ಬಾಡಿಗೆಗೆ ಒಪ್ಪಿದ್ರು. ಊಟ ಮಾಡಿ ಅಮ್ಮ ಇನ್ನೊಂದು ನಿದ್ದೆ ತೆಗೆದ್ರು, ನಾನು ಬ್ಯಾಗ್ ಜೋಡಿಸ್ತಾ ಕೂತಿದ್ದೆ.