ಎರಡು ಕಾರು, ಒಂದು ಶೆಡ್ಡು

ನನ್ನ ಶೆಡ್ಡಿನಲ್ಲಿ ಈಗ ಎರಡು ಹಳೇ ಕಾರುಗಳಿವೆ. ಒಂದು ಪ್ರೀಮಿಯರ್ ಪದ್ಮಿನಿ. ಇನ್ನೊಂದು ಅಂಬಾಸಿಡರ್ ಮಾರ್ಕ್ 4, ಡೀಸೆಲ್. ಎರಡರ ಕೆಲಸವೂ ಮುಗಿದಿಲ್ಲ. ಎರಡೂ ಕೆಡುತ್ತಲೂ ಇಲ್ಲ. ನನಗೆ ಈ ಎರಡನೇ ಮಾತೇ ದೊಡ್ಡದು. ಯಾಕಂದ್ರೆ ಕಲಬುರಗಿ ಸುತ್ತಮುತ್ತ ಎಷ್ಟೋ ಮನೆಗಳ ಹಿತ್ತಲಲ್ಲಿ ಬಿಚ್ಚಿ ಹಾಕಿದ ಕಾರು ನೋಡಿದ್ದೇನೆ. ಬಾಗಿಲು ಒಂದು ಕಡೆ, ಎಂಜಿನ್ ಒಂದು ಕಡೆ, ಮೇಲೆ ಹರಿದ ತಾಡಪತ್ರಿ. ಅವುಗಳನ್ನು ಮುಟ್ಟದೇ ಹಾಗೇ ಬಿಟ್ಟಿದ್ದರೆ ಇವತ್ತು ಇನ್ನೂ ಚೆನ್ನಾಗಿರುತ್ತಿದ್ದವು.

"ಎರಡನ್ನೂ ಒಟ್ಟಿಗೆ ಹ್ಯಾಂಗ್ ಸಂಭಾಳಿಸ್ತೀರಿ?" ಅಂತ ಜನ ಕೇಳುತ್ತಾರೆ. ಎರಡು ಕಾರಿದ್ದರೆ ಒಂದರ ಕೆಲಸ ನಡೆಯುವಾಗ ಇನ್ನೊಂದು ಸುಮ್ನೆ ನಿಂತಿರುತ್ತದೆ. ಆರು ತಿಂಗಳು ನಿಲ್ಲಬಹುದು, ವರ್ಷವೂ ಆಗಬಹುದು. ಅಷ್ಟು ದಿನ ನಿಂತರೂ ಕೆಡದಂಥ ಹಂತಕ್ಕೆ ತಂದ ಮೇಲೆಯೇ ಅದನ್ನು ಬಿಟ್ಟು ಇನ್ನೊಂದಕ್ಕೆ ಕೈ ಹಚ್ಚಬೇಕು. ಅಂಥ ಹಂತಕ್ಕೆ ನಾನು 'ಸ್ಟಾಪ್' ಅನ್ನುತ್ತೇನೆ. ಬಸ್ಸಿನ ಸ್ಟಾಪ್ ಇದ್ದ ಹಾಗೆ. ನಡುವೆ ಎಲ್ಲಿ ಬೇಕೆಂದರಲ್ಲಿ ಇಳಿಯುವಂತಿಲ್ಲ. ನನ್ನ ಪದ್ಧತಿ ಪೂರಾ ಇಷ್ಟೇ. ಉಳಿದದ್ದೆಲ್ಲ ಇದರ ವಿವರ.

ಮೊದಲು ತಗಡಿನ ವಿಷಯ. ಬಣ್ಣ ಕೆರೆದು ಬರೀ ತಗಡು ಮಾಡಿದ ಬಾಗಿಲನ್ನು ಮರುದಿನಕ್ಕೆ ಬಿಡಬಾರದು. ನಮ್ಮ ಕಡೆ ಬೇಸಿಗೆಯ ಹವೆ ಒಣ ಇರುತ್ತದೆ, ನಿಜ. ಆದರೂ ಬೆವರಿನ ಕೈ ತಾಗಿದ ಜಾಗದಲ್ಲಿ ಬೆರಳಚ್ಚಿನ ಆಕಾರದಲ್ಲೇ ಜಂಗ್ (ತುಕ್ಕು) ಏಳುತ್ತದೆ. ಮಳೆಗಾಲದಲ್ಲಂತೂ ಕೇಳಲೇಬೇಡಿ. ಹಾಗಾಗಿ ಸಂಜೆಯೊಳಗೆ ಪ್ರೈಮರ್, ಅಂದರೆ ಬಣ್ಣದ ಕೆಳಗಿನ ಪದರ, ಹೊಡೆಯುವಷ್ಟೇ ಜಾಗ ಕೆರೆಯುತ್ತೇನೆ. ಒಂದು ಬಾಗಿಲು ಅಂದರೆ ಒಂದೇ ಬಾಗಿಲು.

ಯಾವ ಪ್ರೈಮರ್ ಅನ್ನುವುದರ ಮೇಲೆ ನನಗೂ ತಗಡಿನ ಕೆಲಸ ಮಾಡುವ ನಮ್ಮ ಟಿಂಕರ್ ಚಾಚಾನಿಗೂ ಪ್ರತಿ ಸಲ ವಾದ. "ಸಾಬ್, ಹುಟ್ಟಿದಾಗಿಂದ ರೆಡ್ ಆಕ್ಸೈಡೇ ಹೊಡೀಲತ್ತೀನಿ, ಯಾ ಗಾಡಿನೂ ವಾಪಸ್ ಬಂದಿಲ್ಲ" ಅನ್ನುತ್ತಾರೆ. ಕಾರು ಮುಂದಿನ ವಾರವೇ ಬಣ್ಣಕ್ಕೆ ಹೋಗುವುದಾದರೆ ಅವರ ಮಾತು ನಡೆಯುತ್ತದೆ. ನನ್ನದು ಕಾಯುವ ಕಾರು. ಸಾದಾ ರೆಡ್ ಆಕ್ಸೈಡ್ ನೀರಿನ ತೇವವನ್ನು ಒಳಗೆ ಬಿಡುತ್ತದೆ. ಮೇಲೆ ನೋಡೋಕೆ ಚೆನ್ನಾಗಿರುತ್ತದೆ, ಕೆಳಗೆ ತಗಡು ತಿನ್ನುತ್ತಿರುತ್ತದೆ. ಎರಡು ಡಬ್ಬಿ ಬೆರೆಸಿ ಹೊಡೆಯುವ ಎಪಾಕ್ಸಿ ಪ್ರೈಮರ್ ಆದರೆ ತೇವ ತಡೆಯುತ್ತದೆ. ದುಬಾರಿ. ಆದರೂ ನಿಲ್ಲಿಸಿಡುವ ಕಾರಿಗೆ ಅದೇ ಬೇಕು. ತಗ್ಗು ತುಂಬುವ ಪುಟ್ಟಿಯೂ ಅಷ್ಟೇ, ನೀರು ಹೀರುತ್ತದೆ. ಪುಟ್ಟಿ ಉಜ್ಜಿ ಹಾಗೇ ಬಿಟ್ಟು ಎರಡು ಮಳೆ ಕಂಡ ಕಾರಿಗೆ ಆಮೇಲೆ ಎಂಥ ಬಣ್ಣ ಹೊಡೆದರೂ ಗುಳ್ಳೆ ಏಳುತ್ತದೆ. ತಗಡಿನ ಕೆಲಸದಲ್ಲಿ ನನ್ನ ಸ್ಟಾಪ್ ಎಂದರೆ ವೆಲ್ಡಿಂಗ್ ಮುಗಿದು, ಒಳಗೂ ಹೊರಗೂ ಎಪಾಕ್ಸಿ ಬಿದ್ದು, ಪುಟ್ಟಿ ಇನ್ನೂ ಮುಟ್ಟಿಲ್ಲ ಅನ್ನುವ ಜಾಗ.

ಎಂಜಿನ್‌ಗೆ ಸ್ಟಾಪ್ ಎರಡೇ. ಒಂದೋ ಬಿಚ್ಚೇ ಇರಬಾರದು, ಇಲ್ಲಾ ಪೂರ್ತಿ ಜೋಡಿಸಿ ಆಯಿಲ್ ತುಂಬಿರಬೇಕು. ಬೋರಿಂಗ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗೋಡೆ ಕೊರೆಸಿ, ತಂದ ಎಂಜಿನ್ ಬ್ಲಾಕನ್ನು ಮೂಲೆಯಲ್ಲಿ ಇಟ್ಟರೆ ಹೊಸ ಬೋರಿನ ಗೋಡೆಗೆ ಜಂಗ್ ಹತ್ತುತ್ತದೆ. ಖರ್ಚು ಮಾಡಿದ್ದೆಲ್ಲ ನೀರಿಗೆ ಹಾಕಿದ ಹಾಗೆ. ಅದಕ್ಕೆ ಪಿಸ್ಟನ್, ರಿಂಗು, ಬೇರಿಂಗ್, ಗ್ಯಾಸ್ಕೆಟ್ ಸೆಟ್ ಎಲ್ಲ ಕೈಗೆ ಬಂದ ಮೇಲೆಯೇ ಬ್ಲಾಕನ್ನು ಲೇತ್ ಅಂಗಡಿಗೆ ಕಳಿಸುತ್ತೇನೆ. ಪಿಸ್ಟನ್ ಎದುರಿಗಿಲ್ಲದೆ ಬೋರ್ ಮಾಡಿಸುವುದು ಅಳತೆಯ ದೃಷ್ಟಿಯಿಂದಲೂ ತಪ್ಪು ಅಲ್ವಾ? ಜೋಡಿಸಿದ ಎಂಜಿನ್ ಕಾಯುವಾಗ ಶೆಡ್ಡಿಗೆ ಹೋದಾಗೆಲ್ಲ ಪುಲ್ಲಿ ಬೋಲ್ಟಿಗೆ ಪಾನಾ (ಸ್ಪ್ಯಾನರ್) ಹಾಕಿ ಸ್ವಲ್ಪ ತಿರುಗಿಸಿ ಬರುತ್ತೇನೆ. ಗೇರ್ ಬಾಕ್ಸ್ ಕೂಡಿಸಿದ ಕಾರಾದರೆ ಕ್ಲಚ್ ಪೆಡಲ್ ಒತ್ತಿ ಕಟ್ಟಿಗೆಯ ತುಂಡು ಆನಿಸಿಡುತ್ತೇನೆ. ಇಲ್ಲದಿದ್ದರೆ ಕ್ಲಚ್ ಪ್ಲೇಟು ಫ್ಲೈವೀಲ್‌ಗೆ ಅಂಟಿ ಕೂರುತ್ತದೆ. ಟ್ರ್ಯಾಕ್ಟರ್ ಇರುವ ರೈತರಿಗೆ ಇದು ಹೊಸದೇನಲ್ಲ.

ಇಂಧನದಲ್ಲಿ ಎರಡು ಕಾರಿನ ನಿಯಮ ಉಲ್ಟಾ. ಪದ್ಮಿನಿಯ ಟ್ಯಾಂಕು, ಕಾರ್ಬುರೇಟರ್ ಎರಡೂ ಖಾಲಿ ಮಾಡಿ ನಿಲ್ಲಿಸುತ್ತೇನೆ. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20ರಷ್ಟು ಎಥನಾಲ್ ಇರುತ್ತದೆ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಹಳೇ ರಬ್ಬರ್ ಪೈಪನ್ನೂ ಮೆತ್ತಗೆ ಮಾಡುತ್ತದೆ. ಡೀಸೆಲ್ ಅಂಬಾಸಿಡರ್‌ಗೆ ಟ್ಯಾಂಕ್ ತುಂಬಿಯೇ ಇಡುತ್ತೇನೆ. ಖಾಲಿ ಜಾಗ ಇದ್ದಷ್ಟೂ ಒಳಗೆ ನೀರಿನ ಹನಿ ಕಟ್ಟುತ್ತದೆ. ಬ್ರೇಕ್ ಕೆಲಸವನ್ನು ಮಾತ್ರ ಎರಡರಲ್ಲೂ ಕೊನೆಗೆ ಇಟ್ಟಿದ್ದೇನೆ. ಬ್ರೇಕ್ ಆಯಿಲ್ ಕೂಡ ತೇವ ಹೀರುವ ಮಾಲು. ಹೊಸ ವೀಲ್ ಸಿಲಿಂಡರ್ ಹಾಕಿ ವರ್ಷಗಟ್ಟಲೆ ನಿಲ್ಲಿಸಿದರೆ ಓಡಿಸುವ ದಿನ ಅದು ಜಾಮ್ ಆಗಿರುತ್ತದೆ.

ಇನ್ನು ಪಾನಾಗಳ ಕಥೆ. ಎರಡು ಕಾರು ಇಡುವವರು ಇದನ್ನೊಂದು ಗಮನವಿಟ್ಟು ಓದಿ. ಅಂಬಾಸಿಡರ್ ಬಂದದ್ದು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3 ಕಾರಿನಿಂದ. ಅದರ ನಟ್ಟು ಬೋಲ್ಟು ಇಂಚಿನ ಲೆಕ್ಕ. ಪದ್ಮಿನಿ ಇಟಲಿಯ ಫಿಯಟ್ 1100ರ ವಂಶ. ಅದು ಎಂಎಂ ಲೆಕ್ಕ. ಒಂದೇ ಶೆಡ್ಡಿನಲ್ಲಿ ಎರಡೂ ಬೆರೆತರೆ ತೊಂದರೆ ಅಲ್ಲಿಂದಲೇ ಶುರು. 5/16 ಇಂಚಿನ ಬೋಲ್ಟು ಎಂದರೆ 7.94 ಎಂಎಂ. 8 ಎಂಎಂ ಬೋಲ್ಟಿನ ಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಆದರೆ ಥ್ರೆಡ್ ಬೇರೆ. ಇಂಚಿನದಕ್ಕೆ ಒಂದು ಇಂಚಿನಲ್ಲಿ 24 ಸುತ್ತು. 8 ಎಂಎಂ ಬೋಲ್ಟಿಗೆ ಸುಮಾರು 20. ಒಂದರ ಬೋಲ್ಟು ಇನ್ನೊಂದರ ಥ್ರೆಡ್ಡಿನಲ್ಲಿ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ. ಆಮೇಲೆ ಬಿಗಿಯಾಗುತ್ತದೆ. ಜಂಗ್ ಇರಬೇಕು ಅಂದುಕೊಂಡು ಜೋರು ಹಾಕಿದಿರೋ, ಥ್ರೆಡ್ ಹೋಯಿತು. ಅದು ಅಲ್ಯೂಮಿನಿಯಂ ಭಾಗವಾಗಿದ್ದರೆ ಮತ್ತೆ ಲೇತ್ ಅಂಗಡಿಯೇ ಗತಿ.

ಪಾನಾದಲ್ಲೂ ಇದೇ ಮೋಸ. ಅರ್ಧ ಇಂಚಿನ ಬೋಲ್ಟ್ ತಲೆ ಅಂದರೆ 12.7 ಎಂಎಂ. 13ರ ಪಾನಾ ಕೂರುತ್ತದೆ, ಆದರೆ ಒಂದು ಕೂದಲೆಳೆ ಸಡಿಲು. ಹೊಸ ಬೋಲ್ಟಿಗೆ ನಡೆಯುತ್ತದೆ. ನಲವತ್ತು ವರ್ಷ ಜಂಗ್ ತಿಂದ ಬೋಲ್ಟಿಗೆ ಹಾಕಿದರೆ ಮೂಲೆಗಳು ಸವೆದು ತಲೆ ಗುಂಡಗಾಗುತ್ತದೆ. ಅದಕ್ಕೇ ನನ್ನ ಶೆಡ್ಡಿನಲ್ಲಿ ಪಾನಾ ಪೆಟ್ಟಿಗೆ ಎರಡು. ಇಂಚಿನ ಪಾನಾಗಳಿಗೆಲ್ಲ ಕೆಂಪು ಟೇಪು ಸುತ್ತಿದ್ದೇನೆ. ಅಂಬಾಸಿಡರ್‌ನ ಬೋಲ್ಟುಗಳನ್ನು ಬಟ್ಟೆ ಚೀಲದಲ್ಲಿ ಹಾಕುತ್ತೇನೆ, ಪದ್ಮಿನಿಯವನ್ನು ಡಬ್ಬಿಯಲ್ಲಿ. ಕತ್ತಲಲ್ಲಿ ಕೈಯಾಡಿಸಿದರೂ ಯಾವುದು ಯಾವ ಕಾರಿನದು ಅಂತ ಗೊತ್ತಾಗುತ್ತದೆ. ಹೆಸರು ಬರೆಯೋಕೆ ಮಾರ್ಕರ್ ಪೆನ್ ಬೇಡ, ಡೀಸೆಲ್ ಕೈ ತಾಗಿದರೆ ಅಳಿಸಿ ಹೋಗುತ್ತದೆ. ತಗಡಿನ ಚೂರಿನ ಮೇಲೆ ಮೊಳೆಯಿಂದ ಗೀಚಿ ತಂತಿಯಿಂದ ಕಟ್ಟಿದರೆ ಹತ್ತು ವರ್ಷಕ್ಕೂ ಇರುತ್ತದೆ.

ಶೆಡ್ಡಿನ ನೆಲ ಶಹಾಬಾದ್ ಪರ್ಸಿ, ಅಂದರೆ ಹಾಸುಗಲ್ಲು. ನಮ್ಮೂರಲ್ಲಿ ಬೇರೆ ಏನಿರಲು ಸಾಧ್ಯ? ನೋಡಲು ಗಟ್ಟಿ, ಆದರೆ ಕೆಳಗೆ ಪೊಳ್ಳಿದ್ದರೆ ಜಾಕ್ ಸ್ಟ್ಯಾಂಡಿನ ಕಾಲು ಊರಿದ ಕಡೆ ಪಟ್ಟನೆ ಬಿರುಕು ಬಿಡುತ್ತದೆ. ಕಾರಿನ ಕೆಳಗೆ ನೀವಿರುವಾಗ ಆ ಸದ್ದು ಕೇಳಬಾರದು. ಪ್ರತಿ ಸ್ಟ್ಯಾಂಡಿನ ಕೆಳಗೆ ದಪ್ಪ ಹಲಗೆ ಇಡಲೇಬೇಕು. ಮತ್ತೆ, ಎರಡು ಕಾರುಗಳಲ್ಲಿ ಒಂದಾದರೂ ಸದಾ ತನ್ನ ಚಕ್ರದ ಮೇಲಿರಬೇಕು, ತಳ್ಳಿದರೆ ಹೋಗಬೇಕು. ಎರಡೂ ಸ್ಟ್ಯಾಂಡ್ ಹತ್ತಿದವು ಅಂದರೆ ಶೆಡ್ಡಿನಲ್ಲಿ ನಿಲ್ಲಲೂ ಜಾಗ ಉಳಿಯಲ್ಲ.

ನನ್ನ ಹೊಟ್ಟೆಪಾಡು ಮೋಟಾರ್ ವೈಂಡಿಂಗ್. ಕಲಬುರಗಿಯ ಕಪನೂರ ಕಡೆ ಅಂಗಡಿ. ಕಾರಿನ ಕ್ಯಾಲೆಂಡರ್ ಬರೆಯುವುದು ಈ ಅಂಗಡಿ ಮತ್ತು ನಮ್ಮೂರ ಬಿಸಿಲು. ಮಾರ್ಚ್ ಬಂತೆಂದರೆ ಸುಟ್ಟ ಕೂಲರ್ ಮೋಟಾರು, ಬೋರ್‌ವೆಲ್ ಮೋಟಾರು ಸಾಲು ನಿಲ್ಲುತ್ತವೆ. ಹೊರಗೆ 42 ಡಿಗ್ರಿ. ಆಗ ಶೆಡ್ಡಿನ ತಗಡಿನ ಕೆಳಗೆ ಯಾವ ಕಾರಿಗೂ ಕೈ ಹಚ್ಚಲ್ಲ. ಅಂಗಡಿಯಲ್ಲಿ ಹೇಗೂ ತಾಮ್ರದ ತಂತಿ ಸುತ್ತುತ್ತಾ ಕೂತಿರುತ್ತೇನೆ. ನಡುನಡುವೆ ಡೈನಮೊ, ಸ್ಟಾರ್ಟರ್, ವೈಪರ್ ಮೋಟಾರ್ ಮುಗಿಸಿಕೊಳ್ಳುತ್ತೇನೆ. ಎರಡೂ ಕಾರಿನವು ಒಟ್ಟಿಗೇ.

ಬಣ್ಣದ ಕೆಲಸಕ್ಕೆ ಇಲ್ಲಿ ಸಿಗುವುದು ದೀಪಾವಳಿಯಿಂದ ಶಿವರಾತ್ರಿ ತನಕ. ಶರಣಬಸವೇಶ್ವರ ಜಾತ್ರೆ ಹತ್ತಿರ ಬಂತು ಅಂದರೆ ಸ್ಪ್ರೇ ಗನ್ ತೊಳೆದು ಎತ್ತಿಡುತ್ತೇನೆ. ಆ ಬಿಸಿಲಿಗೆ ಬಣ್ಣ ತಗಡು ಮುಟ್ಟಿ ಹರಡುವ ಮೊದಲೇ ಥಿನ್ನರ್ ಹಾರಿ ಹೋಗುತ್ತದೆ. ಮೇಲ್ಮೈ ಕಿತ್ತಳೆ ಸಿಪ್ಪೆ ಥರ ಆಗುತ್ತದೆ. ನಿಧಾನಕ್ಕೆ ಆರುವ ಥಿನ್ನರ್ ಸಿಗುತ್ತದೆ, ಆದರೆ ಹಸಿ ಬಣ್ಣದ ಮೇಲೆ ಕೂರುವ ಧೂಳಿಗೆ ಏನು ಮಾಡುತ್ತೀರಿ? ಮಳೆಗಾಲದಲ್ಲಿ ಇನ್ನೊಂದು ಕಾಟ. ಹಳೇ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣ ತೇವದ ಹವೆಗೆ ಬೆಳ್ಳಗೆ ಮಂಜು ಕಟ್ಟಿದಂತಾಗುತ್ತದೆ. ಇರುವುದು ಒಂದೇ ಚಳಿಗಾಲ. ಒಂದು ಚಳಿಗಾಲಕ್ಕೆ ಒಂದೇ ಕಾರಿನ ಬಣ್ಣ. ಈ ಲೆಕ್ಕ ಒಪ್ಪಿಕೊಂಡ ಮೇಲೆ ಮುಂದಿನದು ತಾನಾಗಿ ಕೂರುತ್ತದೆ. ಮಳೆಗಾಲ ಎಂಜಿನ್ನಿಗೆ, ಮಳೆ ಮುಗಿದ ಮೇಲೆ ತಗಡಿಗೆ.

ಹೊರಗಿನವರ ಕೆಲಸದಲ್ಲಿ ಮಾತ್ರ ಎರಡು ಕಾರನ್ನೂ ಒಟ್ಟಿಗೆ ಓಡಿಸುತ್ತೇನೆ. ಟಿಂಕರ್ ಚಾಚಾ ಗ್ಯಾಸ್ ಸಿಲಿಂಡರ್ ತಂದು ಶೆಡ್ಡಿನಲ್ಲಿ ಕೂತರು ಅಂದರೆ ಪದ್ಮಿನಿಯ ಫ್ಲೋರ್ ಆದ ಕೂಡಲೇ ಅಂಬಾಸಿಡರ್‌ನ ಡಿಕ್ಕಿಯ ತೂತುಗಳನ್ನೂ ಮುಚ್ಚಿಸಿಬಿಡುತ್ತೇನೆ. ಅವರನ್ನು ಮತ್ತೊಮ್ಮೆ ಕರೆಸುವುದು ಮದುವೆಗೆ ಭಟ್ಟರನ್ನು ಹುಡುಕುವುದಕ್ಕಿಂತ ಕಷ್ಟ. ಕ್ರೋಮ್ ಪ್ಲೇಟಿಂಗ್‌ಗೆ ಹೈದರಾಬಾದಿಗೆ ಹೋಗುವಾಗ ಎರಡೂ ಕಾರಿನ ಬಂಪರು, ಹಿಡಿಕೆ ಒಂದೇ ಗಂಟು. ಕೊಡುವ ಮೊದಲು ಎಲ್ಲವನ್ನೂ ಪರ್ಸಿ ಮೇಲೆ ಹರಡಿ ಫೋಟೊ ತೆಗೆಯುತ್ತೇನೆ. ವಾಪಸ್ ಬರುವಾಗ ಸಣ್ಣ ಸಾಮಾನು ಒಂದು ಕಡಿಮೆ ಆಗುವುದು ಈ ಧಂದೆಯಲ್ಲಿ ಮಾಮೂಲು.

ಪಾರ್ಟ್ಸ್ ವಿಷಯದಲ್ಲಿ ಎರಡು ಕಾರೂ ಸಮ ಅಲ್ಲ. ಅಂಬಾಸಿಡರ್ 2014ರ ತನಕ ಕೋಲ್ಕತ್ತ ಹತ್ತಿರದ ಉತ್ತರಪಾರಾದಲ್ಲಿ ತಯಾರಾಗುತ್ತಿತ್ತು. ಎಷ್ಟೋ ಸಾಮಾನು ಇವತ್ತಿಗೂ ಅಂಗಡಿಯಲ್ಲಿ ಸಿಗುತ್ತದೆ. ಪದ್ಮಿನಿಯನ್ನು ಮುಂಬೈನ ಕುರ್ಲಾದಲ್ಲಿ ಮಾಡುವುದು ನಿಂತು ಎರಡು ದಶಕದ ಮೇಲಾಯಿತು. ಮುಂಬೈ ಟ್ಯಾಕ್ಸಿಗಳಿಂದಾಗಿ ಅಲ್ಲಿ ಸಾಮಾನು ಬಹಳ ದಿನ ಚಲಾವಣೆಯಲ್ಲಿತ್ತು. 2023ರ ಅಕ್ಟೋಬರ್ ಕೊನೆಗೆ ಕೊನೆಯ ಪದ್ಮಿನಿ ಟ್ಯಾಕ್ಸಿಯೂ ರಸ್ತೆ ಬಿಟ್ಟಿತು. ಹಾಗಾಗಿ ಕೈಯಲ್ಲಿ ದುಡ್ಡು ಬಂದರೆ ಮೊದಲು ಪದ್ಮಿನಿಯ ಸಾಮಾನು, ಈಗ ಬೇಕಿರಲಿ ಬಿಡಲಿ. ಗಾಜಿನ ಬೀಡಿಂಗ್, ಲೈಟಿನ ರಿಂಗು, ಬಾಗಿಲ ಲಾಕ್, ಕಂಡರೆ ಬಿಡಲ್ಲ. ನಮಗೊಂದು ಅನುಕೂಲ ಇದೆ. ಉದ್ಯಾನ್ ಎಕ್ಸ್‌ಪ್ರೆಸ್ ಒಂದು ಕಡೆಗೆ ಮುಂಬೈ, ಇನ್ನೊಂದು ಕಡೆಗೆ ಬೆಂಗಳೂರು. ಸಾಮಾನಿಗೆ ಕುರ್ಲಾ ಬೇಕೋ, ಬೆಂಗಳೂರಿನ ಜೆಸಿ ರಸ್ತೆ ಬೇಕೋ, ಟಿಕೆಟ್ ತೆಗೆದರಾಯಿತು.

ಖರ್ಚಿಗೆ ಎರಡು ಬೇರೆ ನೋಟ್‌ಬುಕ್. ನಮ್ಮ ಮನೆಯವರಿಗೆ ಎರಡೂ ತೋರಿಸುತ್ತೇನೆ. "ಒಂದು ಮುಗಿಸ್ರಿ, ಆಮ್ಯಾಲ ಇನ್ನೊಂದು" ಅನ್ನುವುದನ್ನು ಅವರೂ ಬಿಟ್ಟಿಲ್ಲ, ನಾನೂ ಕೇಳಿಲ್ಲ.

ಯಾವುದು ಮೊದಲು ಮುಗಿಯಬೇಕು ಅನ್ನುವುದನ್ನು ನಾನು ಮನಸ್ಸಿಗೆ ಬಿಡಲಿಲ್ಲ, ಆರ್‌ಸಿ ನೋಡಿ ತೀರ್ಮಾನಿಸಿದೆ. 15 ವರ್ಷ ದಾಟಿದ ಕಾರಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು. ಅದಕ್ಕೆ ಕಾರು ಓಡಿಕೊಂಡು ತಪಾಸಣೆಗೆ ಹೋಗಬೇಕು. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2025ರ ಆಗಸ್ಟ್‌ನಿಂದ 10,000 ರೂಪಾಯಿ. ಎರಡಕ್ಕೂ ಸೇರಿದರೆ ಸಣ್ಣ ಮೊತ್ತವಲ್ಲ. ವಿಂಟೇಜ್ ಅಂತ ಮಾಡಿಸಿ ಅನ್ನುವವರಿದ್ದಾರೆ. ಅದಕ್ಕೆ ಕಾರಿಗೆ 50 ವರ್ಷ ದಾಟಿರಬೇಕು, ಆಮೇಲೆ ದಿನಾ ಓಡಿಸುವ ಹಾಗೂ ಇಲ್ಲ. ನನಗೆ ಅದು ಬೇಡ. ಟಿಂಕರ್ ಗ್ರೈಂಡರ್ ಹಿಡಿಯುವ ಮೊದಲು ಚಾಸಿಸ್ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಳ್ಳಿ, ಆ ಜಾಗಕ್ಕೆ ಟೇಪ್ ಹಚ್ಚಿ. ನಂಬರ್ ಸವೆದರೆ ಕಾರು ಎಷ್ಟು ಹೊಳೆದರೂ ಆರ್‌ಟಿಒದಲ್ಲಿ ನಿಲ್ಲುತ್ತದೆ. ಬಣ್ಣ ಬದಲಿಸಿದರೆ ಅದನ್ನೂ ಆರ್‌ಸಿಯಲ್ಲಿ ತಿದ್ದಿಸಬೇಕು. ಅದಕ್ಕೇ ಪದ್ಮಿನಿಗೆ ಮೊದಲಿದ್ದ ಕೆನೆ ಬಣ್ಣವನ್ನೇ ಹೊಡೆಸುತ್ತಿದ್ದೇನೆ.

ಪದ್ಮಿನಿಯ ಆರ್‌ಸಿ ಮೊದಲು ಮುಗಿಯುತ್ತದೆ. ಹಾಗಾಗಿ ಈ ಚಳಿಗಾಲ ಅದರದ್ದು. ದೀಪಾವಳಿ ಆದ ವಾರವೇ ಪುಟ್ಟಿ ಶುರು. ಅಂಬಾಸಿಡರ್ ಎಪಾಕ್ಸಿ ಹೊಡೆಸಿಕೊಂಡು ಚಕ್ರದ ಮೇಲೆ ಗೋಡೆ ಬದಿಗೆ ಸರಿದಿದೆ. ಅದರ ಡೀಸೆಲ್ ಪಂಪು, ನಾಝಲ್ಲು ಪಂಪ್ ಮಿಸ್ತ್ರಿ ಹತ್ತಿರ ಇವೆ. ಅವಸರ ಇಲ್ಲ ಅಂತ ಹೇಳಿಯೇ ಕೊಟ್ಟಿದ್ದೇನೆ. ಹಾಗೆ ಹೇಳಿದರೆ ರೇಟ್ ಸ್ವಲ್ಪ ಕಡಿಮೆ ಮಾಡುತ್ತಾರೆ.