ಮಸಿ ಹಿಡಿದ ಹೆಲ್ಮೆಟ್ಟಿನ ಜಗಳ: ನನ್ನ ಅನುಭವ

"ಆರು ತಿಂಗಳಲ್ಲಿ ನಿಮ್ಮ ಬಕೆಟ್ಟು ಮೂಲೆ ಸೇರುತ್ತೆ, ನೋಡ್ತಾ ಇರಿ" ಅಂದವರು ಒಬ್ಬಿಬ್ಬರಲ್ಲ. ನಮ್ಮದು ಸಂಬಳವಿಲ್ಲದ ಸ್ವಯಂಸೇವಕರ ಅಗ್ನಿಶಾಮಕ ತಂಡ. ಬಕೆಟ್ಟು, ಬೆಂಕಿ ಆರಿಸಿದ ಮೇಲೆ ಬಟ್ಟೆಯ ಮಸಿ ತೊಳೆಯೋಕೆ ನಾನು ಗಾಡಿಯಲ್ಲಿಟ್ಟದ್ದು. ಪಕ್ಕದ ತಂಡದವರಂತೂ ನಕ್ಕೇಬಿಟ್ಟರು. ಈಗ ಮೂರನೇ ವರ್ಷ ನಡೆಯುತ್ತಿದೆ. ಬಕೆಟ್ಟು ಇನ್ನೂ ಗಾಡಿಯಲ್ಲೇ ಇದೆ. ನಕ್ಕವರೇ ಮೊನ್ನೆ ಬಂದು ಅದರ ಫೋಟೊ ತೆಗೆದುಕೊಂಡು ಹೋದರು.

ಕೆಲಸ ಇಷ್ಟೇ. ಬೆಂಕಿ ಆರಿಸಿದ ಮೇಲೆ ಅಲ್ಲೇ ಸೋಪುನೀರಿನಲ್ಲಿ ಜಾಕೆಟ್, ಪ್ಯಾಂಟು, ಹೆಲ್ಮೆಟ್ ಉಜ್ಜಬೇಕು, ಚೀಲಕ್ಕೆ ತುಂಬಬೇಕು, ಆಮೇಲೆ ಗಾಡಿ ಹತ್ತಬೇಕು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ, ಬೆಂಕಿ ಆರಿಸುವ ಕೆಲಸವನ್ನೇ ಕ್ಯಾನ್ಸರ್ ತರುವಂಥವುಗಳ ಮೊದಲ ಗುಂಪಿಗೆ ಸೇರಿಸಿತು. ಅದನ್ನು ಓದಿದ ವಾರವೇ ನಾನು ಎಲ್ಲರೂ ಹೀಗೆ ತೊಳೆಯಲೇಬೇಕು ಅಂತ ಬೋರ್ಡಿಗೆ ಒಂದು ಆದೇಶ ಅಂಟಿಸಿದೆ. ಮೊದಲ ಎಡವಟ್ಟು ಅದೇ.

ಸಂಬಳ ಕೊಡುವ ಕಡೆ ಆದೇಶ ನಡೆಯಬಹುದು. ನಮ್ಮಲ್ಲಿ ಬೇಜಾರಾದವರು ಜಾಕೆಟ್ಟನ್ನು ಗೂಟಕ್ಕೆ ಹಾಕಿ ಮನೆಗೆ ಹೋಗುತ್ತಾರೆ. ಕರೆ ಬಂದರೆ ಫೋನ್ ಎತ್ತುವುದಿಲ್ಲ, ಅಷ್ಟೇ. ಮೂವತ್ತು ಚಿಲ್ಲರೆ ಜನರಲ್ಲಿ ಮೂವರು ಹಾಗೇ ಹೋದರು. ಅದರಲ್ಲಿ ಒಬ್ಬರು ನಮ್ಮ ಅತ್ಯುತ್ತಮ ಪಂಪ್ ಆಪರೇಟರ್.

ಆಮೇಲೆ ಸ್ಲೈಡ್ ಹಾಕಿ ಮುಕ್ಕಾಲು ಗಂಟೆ ಮಾತಾಡಿದೆ. ಸೋಪುನೀರಲ್ಲಿ ಉಜ್ಜಿದರೆ ಜಾಕೆಟ್ ಮೇಲಿನ ಪಿಎಎಚ್ (ಹೊಗೆ, ಮಸಿಯಲ್ಲಿರುವ ರಾಸಾಯನಿಕಗಳು, ಕೆಲವು ಕ್ಯಾನ್ಸರ್ ತರುವಂಥವು) ಸುಮಾರು 85% ಹೋಗುತ್ತದೆ ಅನ್ನುವ ಪ್ರಯೋಗದ ಲೆಕ್ಕವನ್ನೂ ತೋರಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಹಿರಿಯರು ಕೇಳಿದರು: "ಮೂವತ್ತು ವರ್ಷದಿಂದ ಹೀಗೇ ಇದ್ದೀನಲ್ಲಪ್ಪಾ, ನನಗೇನಾಗಿದೆ?" ಇದಕ್ಕೆ ಏನು ಹೇಳೋದು? ನಿಮಗೂ ಬರುತ್ತೆ ಅಂತ ಶಾಪ ಹಾಕೋಕಾಗುತ್ತಾ? ಸ್ಲೈಡ್ ಆಫ್ ಮಾಡಿದೆ.

ಮೂರನೇ ಎಡವಟ್ಟು ಜೇಬಿಗೇ ಬಿತ್ತು. ಉತ್ಸಾಹದ ಹುಡುಗನೊಬ್ಬ ಬ್ಲೀಚ್ ಹಾಕಿ ಎರಡು ಜಾಕೆಟ್ ತೊಳೆದ. ಅವನಿಗೆ ಬೇಡ ಅಂತ ಹೇಳದೆ ಇದ್ದದ್ದು ನನ್ನ ತಪ್ಪು. ಬ್ಲೀಚಿಗೆ ಬೆಂಕಿ ತಡೆಯುವ ಬಟ್ಟೆ ಹಾಳಾಗಿ ಎರಡೂ ದಂಡ. ನಮ್ಮಲ್ಲಿ ಒಂದು ಪೂರ್ತಿ ಸೆಟ್ಟಿನ ದುಡ್ಡಿಗೆ ಹತ್ತಿರಹತ್ತಿರ ಅರ್ಧ ವರ್ಷದ ಡೀಸೆಲ್ ಬರುತ್ತದೆ. ಆ ತಿಂಗಳ ಸಭೆ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಒಂದು ರಾತ್ರಿ ಗೋದಾಮಿನ ಬೆಂಕಿ ಆರಿಸಿ ಗಾಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತಿದ್ದೆವು. ಪಕ್ಕದಲ್ಲಿ ಅದೇ ಹಿರಿಯರು. ಈ ಸಲ ನಾನು ಬಾಯಿ ಮುಚ್ಚಿಕೊಂಡಿದ್ದೆ. ಅವರೇ ಶುರು ಮಾಡಿದರು. "ನೀನು ತೊಳೆಸ್ತೀಯ, ಸರಿ. ಒಂದು ಗಂಟೆಗೆ ಇನ್ನೊಂದು ಕರೆ ಬಂದ್ರೆ? ಒದ್ದೆ ಜಾಕೆಟ್ ಹಾಕ್ಕೊಂಡು ಒಳಗೆ ಹೋದ್ರೆ ಉಗಿ ಸುಡೋದು ಯಾರ ಮೈ?" ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಎಲ್ಲರ ಹತ್ತಿರ ಇದ್ದದ್ದು ಒಂದೊಂದೇ ಸೆಟ್ಟು. ನಾನು ಒಂದೂವರೆ ವರ್ಷ ಇವರದು ಮಸಿ ಹೆಲ್ಮೆಟ್ಟೇ ಅನುಭವದ ಗುರುತು ಅನ್ನುವ ಜಂಬ ಅಂದುಕೊಂಡಿದ್ದೆ. ಜಂಬವೂ ಇತ್ತು, ಇಲ್ಲ ಅಂತಲ್ಲ. ಆದರೆ ಅದರ ಕೆಳಗೆ ಲೆಕ್ಕ ಇತ್ತು.

ಆಮೇಲೆ ತೊಳೆಯುವ ಮಾತನ್ನೇ ಬಿಟ್ಟು ಹೆಚ್ಚುವರಿ ಸೆಟ್ಟಿನ ಹಿಂದೆ ಬಿದ್ದೆ. ಹಳೇ ಟ್ಯಾಂಕರಿಗೆ ಬಣ್ಣ ಹೊಡೆಸಲು ಎತ್ತಿಟ್ಟ ದುಡ್ಡು ಇತ್ತು. ಅದನ್ನು ಇದಕ್ಕೆ ತಿರುಗಿಸೋಣ ಅಂದಾಗ ಆದ ಜಗಳ ತೊಳೆಯುವ ಜಗಳಕ್ಕಿಂತ ದೊಡ್ಡದು! ಕೊನೆಗೆ ಎರಡು ವರ್ಷದಲ್ಲಿ ಆರು ಸೆಟ್ ಬಂತು. ಯಾರ ಹೆಸರೂ ಇಲ್ಲ, ಅಳತೆ ಮಾತ್ರ. ಬೆಂಕಿಯಿಂದ ಬಂದವರು ತಮ್ಮದನ್ನು ಚೀಲಕ್ಕೆ ಹಾಕಿ ಈ ಆರರಲ್ಲೊಂದು ತೊಟ್ಟುಕೊಳ್ಳುತ್ತಾರೆ. ಬಕೆಟ್, ಬ್ರಷ್, ಸೋಪು, ಚೀಲ ಎಲ್ಲ ಸೇರಿ ಒಂದು ಹೆಲ್ಮೆಟ್ಟಿನಷ್ಟೂ ಆಗಲಿಲ್ಲ.

ಒಳಗೆ ಹೋದವರಿಗೆ ಮಾತ್ರ ತೊಳೆತ. ಮಾಸ್ಕ್ ತೆಗೆಯದೆ, ಸಿಲಿಂಡರಿನ ಗಾಳಿ ಉಸಿರಾಡುತ್ತಲೇ ನಿಲ್ಲಬೇಕು. ಮೊದಮೊದಲು ಒಬ್ಬರಿಗೆ ಏಳೆಂಟು ನಿಮಿಷ ಹಿಡಿಯುತ್ತಿತ್ತು, ಈಗ ಎರಡೂವರೆ. ಬ್ರಷ್ ಯಾರ ಕೈಗೆ ಕೊಡಬೇಕು ಅನ್ನೋದರಲ್ಲಿ ಒಂದು ಗುಟ್ಟಿದೆ. ಅದನ್ನು ಬರೆಯಲ್ಲ, ಬಂದು ನೋಡಿ.

ನಡುವೆ ಸುಮ್ನೆ ಒಂದು ಪ್ರಯೋಗ ಮಾಡಿದೆ. ಗಾಡಿಯ ಸೀಟುಗಳಿಗೆ ಬಿಳಿ ಟವೆಲ್ ಹೊದಿಸಿದೆ. ತೊಳೆಯದೆ ಕೂತವರದು ಒಂದೇ ಸಲಕ್ಕೆ ಕಪ್ಪು. ಯಾರಿಗೂ ಏನೂ ಹೇಳಲಿಲ್ಲ, ಸಾಲಾಗಿ ತೂಗುಹಾಕಿದೆ. ಮಾರನೇ ದಿನ ಒಬ್ಬರು ತಮ್ಮ ಮಗುವಿನ ಸೀಟನ್ನು ಕಾರಿನಿಂದ ಬಿಚ್ಚಿ ತೊಳೆಯುತ್ತಿದ್ದರಂತೆ. ಆ ಕಾರಿನಲ್ಲೇ ಅವರು ಜಾಕೆಟ್ ಮನೆಗೆ ಒಯ್ಯುತ್ತಿದ್ದದ್ದು. ಸ್ಲೈಡಿಗೆ ಆಗದ ಕೆಲಸ ಟವೆಲ್ಲಿಗೆ ಆಯಿತು.

ಬಿಟ್ಟುಹೋದ ಮೂವರಲ್ಲಿ ಇಬ್ಬರು ವಾಪಸ್ ಬಂದಿದ್ದಾರೆ. ಪಂಪ್ ಆಪರೇಟರ್ ಬರಲಿಲ್ಲ. ಫೋನ್ ಮಾಡಿದರೆ ಚೆನ್ನಾಗೇ ಮಾತಾಡುತ್ತಾರೆ, ವಿಷಯ ಬಂದ ಕೂಡಲೇ ಕೆಲಸ ಇದೆ ಅಂತಾರೆ. ಹಿರಿಯರು ಹೆಲ್ಮೆಟ್ ತೊಳೆಯುತ್ತಾರೆ, ಆದರೆ ಮುಂದಿನ ಬಿಲ್ಲೆಯ ಮಸಿ ಮಾತ್ರ ಮುಟ್ಟಲ್ಲ. ನಾನೂ ಕೇಳಲ್ಲ.

ಗ್ಲೌಸ್ ಮಾತ್ರ ಇನ್ನೂ ಸರಿಹೋಗಿಲ್ಲ. ಒದ್ದೆ ಇದ್ದಾಗ ಕೈ ತೆಗೆದರೆ ಒಳಪದರ ಬೆರಳಿನ ಜೊತೆ ಆಚೆ ಬರುತ್ತೆ. ಈಗಾಗಲೇ ನಾಲ್ಕು ಜೊತೆ ಹಾಳಾಗಿವೆ. ಒಣಗಿಸಲು ಪೈಪಿಗೆ ಫ್ಯಾನ್ ಕಟ್ಟಿ ಏನೋ ಒಂದು ಮಾಡುತ್ತಿದ್ದೇನೆ. ಕೆಲಸ ಮಾಡಿದರೆ ಬರೆಯುತ್ತೇನೆ.