ಕವರಿಗೆ ಹಾಕುವ ಮುಂಚೆ ಕೇಳುವುದು

ಮಂಡ್ಯದಲ್ಲಿ ಮೆಡಿಕಲ್ ಸ್ಟೋರಿನ ಕೌಂಟರಿಗೆ ಬಂದವರ ಪಕ್ಕ ನಿಂತವರು ಪರಿಚಯದವರೇ ಆಗಿರುತ್ತಾರೆ. ಹಾಗಾಗಿ ಕೌಂಟರಿನ ಒಂದು ತುದಿ ಖಾಲಿ ಬಿಟ್ಟು, ಬಿಲ್ ಮಾಡುವ ಕಂಪ್ಯೂಟರನ್ನು ಇನ್ನೊಂದು ತುದಿಗೆ ಹಾಕಿಕೊಂಡಿದ್ದೇವೆ. ಕೇಳಬೇಕಾದ್ದನ್ನು ಆ ಖಾಲಿ ತುದಿಗೆ ಕರೆದು ಮೆತ್ತಗೆ ಕೇಳದಿದ್ದರೆ ಸುಳ್ಳು ಉತ್ತರ ಬರುತ್ತದೆ, ಇಲ್ಲವೇ ಬಂದವರು ಒಂದು ಸ್ಟ್ರಿಪ್ ಕ್ರೋಸಿನ್ ತಗೊಂಡು ಹೊರಟುಬಿಡುತ್ತಾರೆ. ‘ನಿಮಗೇನಾ?’ ಎಂದು ಕೇಳುವುದಿಲ್ಲ. ‘ತಗೊಳ್ಳೋರಿಗೆ’ ಎಂದೇ ಮಾತು.

ಹೆಚ್ಚು ಬರುವುದು ಐ-ಪಿಲ್‌ಗೆ, ಅಂದರೆ ಸೇರಿದ ಮೇಲೆ ಗರ್ಭ ನಿಲ್ಲದಂತೆ ನುಂಗುವ ತುರ್ತು ಮಾತ್ರೆಗೆ. ಲೆವೊನಾರ್ಜೆಸ್ಟ್ರೆಲ್ ಎಂಬ ಹಾರ್ಮೋನ್ 1.5 ಮಿ.ಗ್ರಾಂ, ಒಂದೇ ಮಾತ್ರೆ. ‘ಎಷ್ಟು ಗಂಟೆ ಆಯ್ತು?’ ಎನ್ನುವುದು ಮೊದಲ ಪ್ರಶ್ನೆ. ಪ್ಯಾಕಿನ ಮೇಲಿನ 72 ಗಂಟೆ ನೋಡಿ, ಮೂರನೇ ದಿನದವರೆಗೂ ಕಾಯಬಹುದು ಅಂದುಕೊಂಡವರು ಬಹಳ. ಅಂಡ ಬಿಡುಗಡೆಯನ್ನು ಮುಂದಕ್ಕೆ ತಳ್ಳುವುದೇ ಆ ಮಾತ್ರೆಯ ಮುಖ್ಯ ಕೆಲಸ, ತಡವಾದಷ್ಟೂ ಕೆಲಸ ಕೆಡುತ್ತದೆ. ಅದಕ್ಕೇ ನೀರಿನ ಲೋಟ ಕೌಂಟರಲ್ಲೇ ಇಟ್ಟಿದ್ದೇವೆ. ಎರಡನೆಯದು, ಟಿ.ಬಿ. ಅಥವಾ ಫಿಟ್ಸ್ ಮಾತ್ರೆ ನಡೀತಿದೆಯಾ? ರಿಫಾಂಪಿಸಿನ್, ಕಾರ್ಬಮಜೆಪಿನ್, ಫೆನಿಟಾಯಿನ್ ತಗೊಳ್ಳುವವರ ಲಿವರ್ ಈ ಹಾರ್ಮೋನನ್ನು ಬೇಗ ಒಡೆದುಹಾಕುತ್ತದೆ. ಅವರಿಗೆ ಐದು ದಿನದೊಳಗೆ ಕಾಪರ್-ಟಿ ಹಾಕಿಸುವುದು ಗಟ್ಟಿ ದಾರಿ; ಇಲ್ಲಿನ ಸರ್ಕಾರಿ ಆಸ್ಪತ್ರೆ ಮಿಮ್ಸ್‌ಗೆ ಕಳಿಸುತ್ತೇವೆ. ನುಂಗಿದ ಎರಡು ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ಮಾತ್ರೆ ಬೇಕು. ಮೂರು ವಾರವಾದರೂ ಮುಟ್ಟಾಗದಿದ್ದರೆ, ಗರ್ಭ ನಿಂತಿದೆಯಾ ಎಂದು ನೋಡುವ ಕಾರ್ಡ್ ಟೆಸ್ಟ್.

ಕಾರ್ಡ್ ಟೆಸ್ಟಿನಲ್ಲೂ ಎಡವಟ್ಟಾಗುತ್ತದೆ. ಬೆಳಗಿನ ಮೊದಲ ಮೂತ್ರ, ಮೂರು ಹನಿ, ಐದು ನಿಮಿಷ. ಅರ್ಧ ಗಂಟೆ ಬಿಟ್ಟು ನೋಡಿದಾಗ ಕಾಣುವ ಮಸುಕು ಗೆರೆ ಲೆಕ್ಕಕ್ಕಿಲ್ಲ. ‘ಸಿ’ ಹತ್ತಿರ ಗೆರೆಯೇ ಮೂಡದಿದ್ದರೆ ಕಾರ್ಡೇ ಕೆಟ್ಟಿದೆ. ಪಾಸಿಟಿವ್ ಬಂದ ಮೇಲೆ ‘ತೆಗೆಯೋ ಕಿಟ್ ಕೊಡಿ’ ಅನ್ನುವವರಿಗೆ ಡಾಕ್ಟರ್ ಚೀಟಿ ಇಲ್ಲದೆ ಗರ್ಭಪಾತದ ಮಾತ್ರೆ ಮಿಫೆಪ್ರಿಸ್ಟೋನ್ ಕೊಡುವುದೇ ಇಲ್ಲ. ಗರ್ಭ ನಾಳದಲ್ಲಿ ನಿಂತಿದ್ದರೆ ಆ ಕಿಟ್‌ನಿಂದ ಹೋಗುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ.

ತಿಂಗಳಲ್ಲಿ ಎರಡು ಮೂರು ಸಲ ಐ-ಪಿಲ್ ಕೇಳುವವರಿಗೆ ಛಾಯಾ ಎಂಬ ಗರ್ಭನಿರೋಧಕ ಮಾತ್ರೆಯ ವಿಷಯ ಎತ್ತುತ್ತೇವೆ. 30 ಮಿ.ಗ್ರಾಂ ಸೆಂಟ್‌ಕ್ರೋಮನ್, ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಅಕ್ಕನ ಹತ್ತಿರ ಪುಕ್ಕಟೆ ಸಿಗುತ್ತದೆ. ವ್ಯಾಪಾರ ಹೋದರೂ ಸರಿ, ಹೇಳಿಬಿಡುತ್ತೇವೆ. ಮೊದಲ ತಿಂಗಳಿಂದಲೇ ವಾರಕ್ಕೊಂದು ನುಂಗುವುದು ಇಲ್ಲಿ ಆಗುವ ತಪ್ಪು. ಅದಕ್ಕೆ ಸ್ಟ್ರಿಪ್ಪಿನ ಹಿಂದೆ ಮಾರ್ಕರ್‌ನಲ್ಲಿ ವಾರದ ಹೆಸರು ಬರೆದುಕೊಡುತ್ತೇವೆ. ಮುಟ್ಟಿನ ಅಂತರ ಉದ್ದವಾಗಬಹುದು ಎಂದು ಮೊದಲೇ ಹೇಳದಿದ್ದರೆ ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ.

ಗಂಡಸರು ಅಂಗಡಿ ಮುಚ್ಚುವ ಹೊತ್ತಿಗೆ ಬರುತ್ತಾರೆ. ‘ಉರಿ, ಕೀವು, ಅಜಿತ್ರೊಮೈಸಿನ್ ಮೂರು ಕೊಡಿ ಅಣ್ಣಾ.’ ಚೀಟಿ ಇಲ್ಲದೆ ಕೊಡುವಂತಿಲ್ಲ ಅನ್ನುವುದು ಒಂದು; ಗೊನೊರಿಯಾ ಎಂಬ ಲೈಂಗಿಕ ಸೋಂಕು ಇದ್ದರೆ ಅದೊಂದೇ ಸಾಲುವುದಿಲ್ಲ ಅನ್ನುವುದು ಇನ್ನೊಂದು. ಸರ್ಕಾರಿ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಇದಕ್ಕೆ ಬೂದು ಬಣ್ಣದ ಕಿಟ್ ಇದೆ, ಅದರಲ್ಲಿ ಸೆಫಿಕ್ಸಿಮ್ ಕೂಡ ಇರುತ್ತದೆ, ಉಚಿತ. ಸಂಗಾತಿಗೂ ಕೊಡಿಸದಿದ್ದರೆ ರೋಗ ವಾಪಸ್ ಬರುವುದು ಖಂಡಿತ. ಎಚ್‌ಐವಿ ಭಯದಿಂದ ಬಂದವರಿಗೆ ಗಂಟೆಯ ಲೆಕ್ಕ ಮುಖ್ಯ: 72 ಗಂಟೆಯೊಳಗೆ ಶುರುವಾದರೆ 28 ದಿನದ ಮಾತ್ರೆಯಿಂದ ಸೋಂಕು ತಡೆಯಬಹುದು. ಏಡ್ಸ್ ಸಹಾಯವಾಣಿಯ 1097 ನಂಬರನ್ನು ಬಿಲ್ಲಿನ ಹಿಂದೆ ಬರೆದು ಕೊಡುತ್ತೇವೆ.

ತೊಡೆಸಂದಿನ ತುರಿಕೆಗೆ ಹಳೇ ಟ್ಯೂಬ್ ತೋರಿಸಿ ‘ಇದನ್ನೇ ಕೊಡಿ’ ಅನ್ನುತ್ತಾರೆ. ಹೆಚ್ಚಿನವು ಸ್ಟೀರಾಯ್ಡ್ ಬೆರೆತವು. ಎರಡು ದಿನ ತುರಿಕೆ ನಿಲ್ಲಿಸುತ್ತವೆ, ಹುಳುಕಡ್ಡಿ ಮಾತ್ರ ಹರಡುತ್ತಲೇ ಇರುತ್ತದೆ.

ಚೀಟಿ ಹಿಡಿದು ನಿಮಿರುವಿಕೆಯ ಮಾತ್ರೆ ಸಿಲ್ಡೆನಾಫಿಲ್ ಕೇಳಿದರೂ ಒಂದು ಪ್ರಶ್ನೆ ತಪ್ಪಿಸುವುದಿಲ್ಲ: ಎದೆನೋವಿಗೆ ನಾಲಿಗೆ ಕೆಳಗೆ ಇಡುವ ಮಾತ್ರೆ ಇದೆಯಾ? ಆ ಮಾತ್ರೆ, ಅಂದರೆ ಸಾರ್ಬಿಟ್ರೇಟ್ ಜೊತೆ ಸೇರಿದರೆ ಬಿ.ಪಿ. ಪಾತಾಳಕ್ಕಿಳಿಯುತ್ತದೆ. ಆ ಚೀಟಿ ಬರೆದವರಿಗೆ ಹಾರ್ಟ್ ಡಾಕ್ಟರ್ ಚೀಟಿಯ ವಿಷಯ ಗೊತ್ತಿರುವುದಿಲ್ಲ ಎಷ್ಟೋ ಸಲ.

ಕಾಂಡೋಮ್ ಪ್ಯಾಕೆಟ್ಟುಗಳನ್ನು ಬಿಸಿಲು ಬೀಳುವ ಗಾಜಿನ ಶೋಕೇಸಿನಿಂದ ಒಳಗಿನ ಶೆಲ್ಫಿಗೆ ತಂದಿದ್ದೇವೆ, ಕೈಗೆಟುಕುವ ಎತ್ತರದಲ್ಲಿ, ಕೇಳದೆ ಎತ್ತಿಕೊಳ್ಳುವ ಹಾಗೆ. ಪಕ್ಕದಲ್ಲೊಂದು ಸಣ್ಣ ಚೀಟಿ ಅಂಟಿಸಿದೆ: ‘ಕೊಬ್ಬರಿ ಎಣ್ಣೆ ಹಚ್ಚಬೇಡಿ, ರಬ್ಬರ್ ಹರಿಯುತ್ತದೆ.’